ರಾಧಾಮಣಿಯ ಎರಡನೆಯ ಅಧ್ಯಾಯ

ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಸಂಗೀತದ ಟೀಚರಾಗಿದ್ದ ರಾಧಾಮಣಿಗೆ ಪಿಎಚ್‌ಡಿ ಮಾಡುವ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಅದಕ್ಕೆ ಕಾರಣ ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ. ಪ್ರತಿ ವರ್ಷ ಆಗಸ್ಟ್ ಬಂತೆಂದರೆ ರಾಧಾಮಣಿ ಸಮೂಹಗೀತೆಗೆ ಮಕ್ಕಳನ್ನು ಆರಿಸುತ್ತಿದ್ದಳು. ಶ್ರುತಿಗೆ ಸೇರುವವರು ಮುಂದೆ ನಿಂತು ಹಾಡಬೇಕು, ಸೇರದವರು ಹಿಂದೆ ನಿಂತು ಬಾವುಟ ಹಿಡಿಯಬೇಕು. ಹಾಗೆ ಬಾವುಟ ಸಿಕ್ಕಿದ ಹುಡುಗಿ ಅಳಲಿಲ್ಲ, ಮುಖ ಊದಿಸಲಿಲ್ಲ. ಬಸ್ಸಿನ ಟೈಮು ಕೇಳುವ ಹಾಗೆ ಕೇಳಿದಳು:

"ಮಿಸ್, ನಮಗೆ ಸ್ವರ ಬರೋದು ಎಷ್ಟನೇ ಕ್ಲಾಸಿಂದ?"

"ಬರುತ್ತೆ ಹೋಗಮ್ಮ," ಎಂದು ಕಳಿಸಿದಳೇನೋ ಸರಿ, ಆದರೆ ಆ ಪ್ರಶ್ನೆ ಮಾತ್ರ ಹೋಗಲಿಲ್ಲ. ಬರುತ್ತದೆಯೇ? ಬಂದರೆ ಹೇಗೆ? ಬರದಿದ್ದರೆ ತಪ್ಪು ಯಾರದು? ಇಪ್ಪತ್ತು ವರ್ಷ ಪಾಠ ಹೇಳಿದ್ದರೂ ಅವಳ ಬಳಿ ಇದಕ್ಕೆ ಉತ್ತರವಿರಲಿಲ್ಲ. ಮುಂದಿನ ವರ್ಷ ಪ್ರವೇಶ ಪರೀಕ್ಷೆ ಬರೆದಳು, ಕೋರ್ಸ್‌ವರ್ಕ್ ಮುಗಿಸಿದಳು, ಮೈಸೂರಿನಲ್ಲಿ ಸುನಂದಾ ಎಂಬ ಪ್ರೊಫೆಸರು ಗೈಡ್ ಆಗಿ ಸಿಕ್ಕರು. ಶ್ರುತಿಗೆ ಸೇರದ ಮಕ್ಕಳಿಗೆ ಶಾಲೆಯಲ್ಲಿ ಸಂಗೀತ ಕಲಿಸುವ ಬಗೆ ಯಾವುದು ಎನ್ನುವುದೇ ವಿಷಯ.

ಮೊದಲ ಅಧ್ಯಾಯ ಪೀಠಿಕೆ. ಅದು ನೀರು ಕುಡಿದಷ್ಟು ಸಲೀಸಾಗಿ ಮುಗಿಯಿತು. ಎರಡನೆಯದು ಸಾಹಿತ್ಯ ಸಮೀಕ್ಷೆ. ಈ ವಿಷಯದಲ್ಲಿ ಇದುವರೆಗೆ ಯಾರು ಯಾರು ಏನೇನು ಸಂಶೋಧನೆ ಮಾಡಿದ್ದಾರೆ ಎಂದು ಓದಿ ಬರೆಯುವ ಅಧ್ಯಾಯ. ಇದರಲ್ಲೇನು ಕಷ್ಟ, ಓದುವುದು ಬರೆಯುವುದು ಅಷ್ಟೇ ತಾನೆ ಎಂದುಕೊಂಡ ರಾಧಾಮಣಿ ಬೇಸಿಗೆ ರಜೆ ಪೂರ್ತಿ ಅದಕ್ಕೇ ಇಟ್ಟಳು. ಕೊಬ್ಬರಿ ಸುಲಿಯುವ ಆಳುಗಳು ಹಿತ್ತಿಲಲ್ಲಿ ಕೂತಿದ್ದರೆ ಇವಳು ನಡುಮನೆಯಲ್ಲಿ ಲೇಖನಗಳ ಜೆರಾಕ್ಸ್ ಹರಡಿಕೊಂಡು ಕೂರುತ್ತಿದ್ದಳು. ಇಂಗ್ಲಿಷಿನ ಒಂದೊಂದು ಲೇಖನವೂ ಒಂದೊಂದು ಗಟ್ಟಿ ತೆಂಗಿನಕಾಯಿ. ಮಟ್ಟೆ ಕಿತ್ತು, ಚಿಪ್ಪು ಒಡೆದು ಒಳಗಿನದನ್ನು ತೆಗೆಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತಿತ್ತು. ಆದರೂ ಬಿಡಲಿಲ್ಲ. ಇಂಥವರು ಇಂಥ ವರ್ಷ ಇಷ್ಟು ಮಕ್ಕಳ ಮೇಲೆ ಅಧ್ಯಯನ ಮಾಡಿ ಇಂಥದ್ದನ್ನು ಕಂಡುಕೊಂಡಿದ್ದಾರೆ, ಇದು ಅತ್ಯಂತ ಉಪಯುಕ್ತವಾಗಿದೆ. ಮತ್ತೊಬ್ಬರು ಇಂಥ ವರ್ಷ ಇಂಥದ್ದನ್ನು ಕಂಡುಕೊಂಡಿದ್ದಾರೆ, ಇದೂ ಮೌಲಿಕವಾಗಿದೆ. ಹೀಗೆ ದಪ್ಪನೆಯ ಒಂದು ಕಟ್ಟೇ ಆಯಿತು. ಡಿಟಿಪಿ ಮಾಡಿಸಿ, ಸ್ಪೈರಲ್ ಬೈಂಡ್ ಹಾಕಿಸಿ ಮೈಸೂರಿಗೆ ಒಯ್ದಳು.

ಸುನಂದಾ ಮೇಡಂ ಒಳ್ಳೆಯವರು, ಆದರೆ ಮುಲಾಜಿನವರಲ್ಲ. ಹಾಳೆ ತಿರುವುತ್ತ ಹೋದರು. ಮಧ್ಯೆ ಮಧ್ಯೆ ನಿಂತು ಎರಡೆರಡು ಸಾಲು ಓದಿದರು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರಾಧಾಮಣಿ, ನಿಮ್ಮ ಕಡೆ ಮದುವೆಮನೇಲಿ ಮುಯ್ಯಿ ಬರೆಯೋಕೆ ಒಬ್ಬರನ್ನ ಕೂರಿಸ್ತಾರಲ್ಲ?"

"ಹೂಂ ಮೇಡಂ."

"ಬಂದೋರ ಹೆಸರು, ಊರು, ಎಷ್ಟು ಹಾಕಿದರು, ಅಷ್ಟೇ ಬರ್ಕೋತಾರೆ. ಯಾರಿಗೆ ಯಾರು ನೆಂಟರು, ಯಾರು ಯಾರ ಮುಖ ನೋಡಲ್ಲ, ಅದೆಲ್ಲ ಆ ಪಟ್ಟೀಲಿ ಇರಲ್ಲ. ನೀವು ಬರೆದಿರೋದು ಅದು. ಮುಯ್ಯಿ ಪಟ್ಟಿ. ಸಮೀಕ್ಷೆ ಅಲ್ಲ."

ರಾಧಾಮಣಿಯ ಮುಖ ಸಪ್ಪಗಾಯಿತು. ಮೇಡಂ ಒಂದು ಹಾಳೆ ತೆರೆದು ತೋರಿಸಿದರು. "ಇಲ್ಲಿ ನೋಡಿ. ಈ ಪುಟದಲ್ಲಿ ಒಬ್ಬರು, ಸ್ವರಜ್ಞಾನ ಹುಟ್ಟಿನಿಂದ ಬರಬೇಕು ಅಂತಾರೆ. ಮುಂದಿನ ಪುಟದಲ್ಲಿ ಇನ್ನೊಬ್ಬರು, ಅಭ್ಯಾಸದಿಂದ ಯಾರಿಗಾದರೂ ಬರುತ್ತೆ ಅಂತಾರೆ. ನೀವು ಇಬ್ಬರಿಗೂ ಬಹಳ ಮೌಲಿಕ ಅಂತ ಹೂವಿನ ಹಾರ ಹಾಕಿದ್ದೀರಿ. ಇಬ್ಬರೂ ಹ್ಯಾಗ್ರೀ ಸರಿ ಆಗ್ತಾರೆ? ನಿಮಗೇನು ಅನಿಸುತ್ತೆ, ಅದು ಎಲ್ಲೂ ಇಲ್ಲವಲ್ಲ!"

"ನನಗೆ ಅನಿಸಿದ್ದನ್ನ ಬರೀಬೋದಾ ಮೇಡಂ? ಅವರೆಲ್ಲ ದೊಡ್ಡೋರು."

"ದೊಡ್ಡೋರ ಮಾತನ್ನ ತೂಗಿ ನೋಡೋಕೇ ಈ ಅಧ್ಯಾಯ ಇರೋದು. ಹೋಗಿ, ಮತ್ತೆ ಬರೀರಿ."

ಸಂಜೆ ತುರುವೇಕೆರೆ ಬಸ್‌ಸ್ಟ್ಯಾಂಡಿನಲ್ಲಿ ಗಂಡ ಪರಮೇಶ್ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ. ತೋಟ, ಕೊಬ್ಬರಿ, ಎರಡು ಹಸು, ಇದರಲ್ಲೇ ಮುಳುಗಿದ್ದ ಮನುಷ್ಯ. ಹೆಂಡತಿಯ ಓದು ಅವನಿಗೆ ಅರ್ಥವಾಗುತ್ತಿರಲಿಲ್ಲ, ಆದರೆ ಹೆಂಡತಿಯ ಮುಖ ಅರ್ಥವಾಗುತ್ತಿತ್ತು.

"ಏನಂದ್ರು?"

"ಮುಯ್ಯಿ ಪಟ್ಟಿ ಅಂದ್ರು."

"ಹಂಗಂದ್ರೆ?"

ರಾಧಾಮಣಿ ವಿವರಿಸಿದಳು. ಪರಮೇಶನಿಗೆ ನಗು ತಡೆಯಲಾಗಲಿಲ್ಲ. "ಸರ್ಯಾಗೇ ಹೇಳವ್ರೆ ಬುಡು. ನಮ್ಮ ಮದ್ವೇದು ಇನ್ನೂ ಅಟ್ಟದ ಮೇಲೈತೆ, ಅದನ್ನೂ ಒಂದು ಸಲ ಕಳ್ಸು. ಇನ್ನೊಂದು ಪಿಎಚ್‌ಡಿ ಕೊಟ್ಟಾರು." ಅವಳು ಬೆನ್ನಿಗೊಂದು ಗುದ್ದಿದಳು. ಅಳು ಬರಬೇಕಾದ ಕಡೆ ನಗು ಬಂತು. ಮಾಯಸಂದ್ರದ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಮನೆ ತಲುಪುವ ಹೊತ್ತಿಗೆ, ಬಿಡುವುದಿಲ್ಲ ಎಂದು ಅವಳು ತೀರ್ಮಾನ ಮಾಡಿಯಾಗಿತ್ತು.

ಬಿಡುವುದಿಲ್ಲವೇನೋ ಸರಿ, ಹೇಗೆ ಬರೆಯುವುದು ಎನ್ನುವುದು ತಿಳಿಯಬೇಕಲ್ಲ. ಆಗ ನೆನಪಾದವಳು ಮಾಹಿರಾ. ಕೋರ್ಸ್‌ವರ್ಕಿನಲ್ಲಿ ಪಕ್ಕದ ಬೆಂಚಿನಲ್ಲಿ ಕೂತು ಗೆಳತಿಯಾದವಳು, ತಿಪಟೂರಿನ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದಳು. ವಯಸ್ಸಿನಲ್ಲಿ ಚಿಕ್ಕವಳು, ಓದಿನಲ್ಲಿ ಮುಂದಿದ್ದವಳು. ಅವಳ ಸಾಹಿತ್ಯ ಸಮೀಕ್ಷೆ ಆಗಲೇ ಒಪ್ಪಿಗೆಯಾಗಿತ್ತು. ಭಾನುವಾರ ರಾಧಾಮಣಿ ತನ್ನ ಜೆರಾಕ್ಸುಗಳನ್ನೆಲ್ಲ ಒಂದು ಗೋಣಿಚೀಲಕ್ಕೆ ತುಂಬಿಕೊಂಡು ಮಾಹಿರಾಳ ಮನೆಗೆ ಹೋದಳು. ಮಾಹಿರಾ ಚೀಲವನ್ನು ಚಾಪೆಯ ಮೇಲೆ ಸುರಿದಳು.

"ಅಕ್ಕಾ, ಇದನ್ನೆಲ್ಲ ಹೆಸರು, ವರ್ಷ ನೋಡದೆ ಗುಂಪು ಮಾಡಿ. ಒಂದೇ ಮಾತು ಹೇಳೋರೆಲ್ಲ ಒಂದು ಕಡೆ."

"ಹೆಸರು ನೋಡದೇನಾ?"

"ಹೆಸರು ನೋಡಿದ್ರೆ ನಿಮಗೆ ಭಯ ಆಗುತ್ತೆ. ಮಾತು ನೋಡಿ."

ಮೊದಮೊದಲು ಕೈ ಓಡಲಿಲ್ಲ. ಆಮೇಲೆ ರುಚಿ ಹತ್ತಿತು. ಕಿವಿ ಹುಟ್ಟಿನಿಂದಲೇ ಬರಬೇಕು ಎನ್ನುವವರು ಗೋಡೆಯ ಕಡೆ ಹೋದರು. ಅಭ್ಯಾಸ ಸಾಕು ಎನ್ನುವವರು ಕಿಟಕಿಯ ಕೆಳಗೆ. ತೊಂದರೆ ಮಕ್ಕಳದ್ದಲ್ಲ, ಅವರಿಗೆ ಸರಿಹೊಂದದ ಶ್ರುತಿಯಲ್ಲಿ ಹಾಡಿಸುತ್ತಾರಲ್ಲ ಅದರದ್ದು ಎನ್ನುವವರು ಬಾಗಿಲ ಹತ್ತಿರ. ಇವರು ಕಡಿಮೆ, ಆದರೆ ಈಚಿನವರು. ಸೇರದವರನ್ನು ಬೇರೆ ಕೂರಿಸಿ ಕಲಿಸಬೇಕು ಎನ್ನುವವರದ್ದು ಇನ್ನೊಂದು ಗುಂಪು.

"ಈಗ ಹೇಳಿ, ಇವರಲ್ಲಿ ಯಾರು ಯಾರ ಜೊತೆ ಜಗಳ ಆಡ್ತಿದಾರೆ? ಯಾರ ಹತ್ರ ಸಾಕ್ಷಿ ಗಟ್ಟಿಯಾಗಿದೆ? ಯಾರೂ ಮಾತಾಡದೆ ಬಿಟ್ಟಿರೋದು ಯಾವುದು? ಈ ಮೂರು ಬರೆದ್ರೆ ಅದೇ ಸಮೀಕ್ಷೆ ಅಕ್ಕ. ನಾನೂ ಮೂರು ಸಲ ಬೈಸ್ಕೊಂಡೇ ಕಲಿತಿದ್ದು."

ರಾಧಾಮಣಿಗೆ ಮಂಜು ಸರಿದ ಹಾಗಾಯಿತು. ಇಷ್ಟು ದಿನ ಒಬ್ಬೊಬ್ಬರಾಗಿ ಬಂದು ನಮಸ್ಕಾರ ಹೇಳಿ ಹೋಗುತ್ತಿದ್ದವರು ಈಗ ಒಬ್ಬರಿಗೊಬ್ಬರು ಎದುರಾಗಿ ಕೂತಿದ್ದರು. ಆದರೆ ಒಂದು ಹಾಳೆ ಮಾತ್ರ ಅವಳ ಕೈಯಲ್ಲೇ ಉಳಿದಿತ್ತು. ಅದನ್ನು ಎಲ್ಲಿಯೂ ಇಡಲಿಲ್ಲ.

"ಅದ್ಯಾರದು?"

"ತೋಂಟದಾರ್ಯ ಅಂತ. ಹಳೇ ಮೈಸೂರು ಭಾಗದ ಶಾಲೆಗಳ ಮೇಲೆ ಮೊದಲು ಪ್ರಬಂಧ ಬರೆದವರು. ಸೇರದ ಮಕ್ಕಳಿಗೆ ಕಲಿಸಿ ಪ್ರಯೋಜನ ಇಲ್ಲ, ಅವರನ್ನ ಬೇರೆ ಕೂರಿಸಬೇಕು ಅಂತ ಹೇಳಿದ್ದಾರೆ. ಎಲ್ಲರೂ ಅದನ್ನೇ ಉಲ್ಲೇಖ ಮಾಡ್ತಾರೆ."

"ಹಂಗಾದ್ರೆ ಆ ಕಡೆ ಇಡಿ."

"ಅವರು ನನ್ನ ಮೇಷ್ಟ್ರು ಕಣೇ."

ಮಾಹಿರಾ ಆ ಹಾಳೆಯನ್ನು ತೆಗೆದುಕೊಂಡು ನೋಡಿದಳು. ಆಮೇಲೆ ಹೇಳಿದಳು, "ಅಕ್ಕಾ, ಅವರನ್ನ ಬಿಟ್ಟು ಬರೆದ್ರೆ ಸುಳ್ಳು. ಸುಮ್ಮನೆ ಹೊಗಳಿ ಬರೆದ್ರೆ ಅದೂ ಸುಳ್ಳೇ."

ತೋಂಟದಾರ್ಯ ಮೇಷ್ಟ್ರು ಒಂದು ಕಾಲದಲ್ಲಿ ತಿಪಟೂರಿನಲ್ಲಿ ಸಂಗೀತದ ಮನೆಪಾಠ ನಡೆಸುತ್ತಿದ್ದರು. ರಾಧಾಮಣಿ ಹತ್ತನೇ ವಯಸ್ಸಿನಲ್ಲಿ ಅಲ್ಲಿ ಸೇರಿದವಳು. ಅವಳ ಕಂಠ ಮೊದಲ ದಿನವೇ ಶ್ರುತಿಗೆ ಕೂತಿತು, ಆದ್ದರಿಂದ ಅವಳಿಗೆ ಒಳಗೆ ತಂಬೂರಿಯ ಹತ್ತಿರ ಜಾಗ ಸಿಕ್ಕಿತು. ಕಂಠ ಕೂರದ ಮಕ್ಕಳಿಗೆ ಹೊರಗೆ ಜಗಲಿ. ಅವರಿಗೆ ಪಾಠ ಇಲ್ಲವೆಂದಲ್ಲ. ಒಳಗಿನದು ಮುಗಿದ ಮೇಲೆ ಮೇಷ್ಟ್ರು ಜಗಲಿಗೆ ಬಂದು ಅವರಿಗೂ ಹೇಳಿಕೊಡುತ್ತಿದ್ದರು. ಅವರು ಬಯ್ದದ್ದು, ಹೊಡೆದದ್ದು ಒಂದು ದಿನವೂ ಇಲ್ಲ. ಆದರೂ ಜಗಲಿಯ ಮಕ್ಕಳು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿಬಿಡುತ್ತಿದ್ದರು. ಒಳಗೆ ಕೂತವಳಿಗೆ ಅದು ಆಗ ಕಾಣಿಸಿರಲಿಲ್ಲ. ಕಂಡರೂ ಕಂಠ ಇಲ್ಲದವರು ಹೋದರು ಎನಿಸುತ್ತಿತ್ತು. ಇಂದು ಅವಳಿಗೆ ಸಂಗೀತ ಅಂತ ಏನಿತ್ತೋ ಅದೆಲ್ಲ ಅವರು ಕೊಟ್ಟಿದ್ದು. ಅವರಿಂದಲೇ ಕಲಿತು ಅವರದು ತಪ್ಪು ಎಂದು ಬರೆಯುವುದೇ?

ಎರಡು ವಾರ ಒದ್ದಾಡಿದಳು. ಅಡುಗೆಗೆ ಉಪ್ಪು ಎರಡೆರಡು ಸಲ ಬಿತ್ತು. ಕೊನೆಗೆ ಒಂದು ಬೆಳಗ್ಗೆ ಹಾಲು ಕರೆದು ಬಂದು ಕೂತು ಬರೆದಳು. "ಮಕ್ಕಳನ್ನು ಕಲಿಯಬಲ್ಲವರು, ಕಲಿಯಲಾರದವರು ಎಂದು ಒಡೆಯುವ ತೋಂಟದಾರ್ಯರ ನಿಲುವು ಇಂದು ಒಪ್ಪುವಂಥದ್ದಲ್ಲ. ಅದು ಹಲವು ಮಕ್ಕಳನ್ನು ಸಂಗೀತದಿಂದ ದೂರ ಮಾಡಿತು." ಬರೆದದ್ದನ್ನು ಇನ್ನೊಮ್ಮೆ ಓದುವಾಗ ಹೆದರಿಕೆಯಾಯಿತು. ಆದರೆ ಹೆದರಿಕೆಯ ಜೊತೆಗೇ ಒಂದು ಹೆಮ್ಮೆಯೂ ಇತ್ತು. ಮೊದಲ ಸಲ ತನ್ನ ಮಾತು ಎನ್ನುವುದೊಂದು ಹಾಳೆಯ ಮೇಲೆ ಬಂದಿತ್ತು.

ಮೇಡಂಗೆ ಕಳಿಸುವ ಮುಂಚೆ ಮೇಷ್ಟ್ರಿಗೆ ತೋರಿಸಬೇಕು, ಬೇರೆಯವರ ಬಾಯಿಂದ ಅವರಿಗೆ ತಿಳಿಯಬಾರದು ಎಂದು ಅವಳಿಗೆ ಅನಿಸಿತು. ಪರಮೇಶನೂ ಅದನ್ನೇ ಹೇಳಿದ. "ಬೆನ್ನ ಹಿಂದೆ ಬರೆಯೋದು ಬ್ಯಾಡ. ಮುಂದೆ ಹೋಗಿ ಹೇಳು. ಬೈದ್ರೆ ಬೈಸ್ಕೊಂಡು ಬಾ."

ಮೇಷ್ಟ್ರು ಈಗ ಶೆಟ್ಟಿಕೆರೆಯಲ್ಲಿದ್ದರು. ತಿಪಟೂರಿನ ಪಾಠ ನಿಲ್ಲಿಸಿ, ಹೆಂಡತಿಯ ಕಡೆಯಿಂದ ಬಂದ ತೆಂಗಿನ ತೋಟದಲ್ಲೇ ಮನೆ ಕಟ್ಟಿಕೊಂಡಿದ್ದರು. ರಾಧಾಮಣಿ ಹೋದಾಗ ತೋಟಕ್ಕೆ ನೀರು ಬಿಟ್ಟು, ಪಂಚೆ ಎತ್ತಿ ಕಟ್ಟಿ ಕಾಲುವೆಯ ಮಣ್ಣು ಸರಿಮಾಡುತ್ತಿದ್ದರು. ಅವರ ಹೆಂಡತಿ ಲಕ್ಷ್ಮಿದೇವಮ್ಮ, "ಬಾರೇ ರಾಧಾ, ಎಷ್ಟು ದಿನ ಆಯ್ತು ನಿನ್ನ ಮಕ ನೋಡಿ," ಎಂದು ಒಳಗೆ ಕರೆದು ಎಳನೀರು ಕೊಟ್ಟರು. ಮೇಷ್ಟ್ರು ಕೈಕಾಲು ತೊಳೆದು ಬಂದು ಕುರ್ಚಿಯಲ್ಲಿ ಕೂತರು. ಅವಳು ಎಂದಿನಂತೆ ಚಾಪೆಯ ಮೇಲೆ ಕೂತು, ಹಾಳೆ ತೆಗೆದು, ತಲೆ ಎತ್ತದೆ ಓದಿದಳು.

ಓದಿ ಮುಗಿಸಿದಳು. ಲಕ್ಷ್ಮಿದೇವಮ್ಮ ಗಂಡನ ಮುಖ ನೋಡಿದರು. ಮೇಷ್ಟ್ರು ಕೈ ಚಾಚಿ ಹಾಳೆ ತೆಗೆದುಕೊಂಡು ಕಣ್ಣಿಗೆ ಹತ್ತಿರ ಹಿಡಿದರು.

"ಇದನ್ನ ನಾನು ಎಷ್ಟನೇ ಪುಟದಲ್ಲಿ ಬರ್ದಿದ್ದೀನಿ?"

ರಾಧಾಮಣಿ ತಡವರಿಸಿದಳು. "ಅದು... ಮೇಷ್ಟ್ರೆ, ಲೇಖನದಲ್ಲಿ ಪುಟ ಕೊಟ್ಟಿರಲಿಲ್ಲ."

"ಯಾವ ಲೇಖನ?"

"ನಿಮ್ಮ ಪ್ರಬಂಧದ ಬಗ್ಗೆ ಬೇರೆಯವರು ಬರೆದಿದ್ದು."

"ನನ್ನ ಪ್ರಬಂಧ ನೀನು ಓದಿದ್ದೀಯೇನಮ್ಮ?"

ಸುಳ್ಳು ಹೇಳುವ ಹಾಗಿರಲಿಲ್ಲ. "ಇಲ್ಲ ಮೇಷ್ಟ್ರೆ."

ಮೇಷ್ಟ್ರು ಹಾಳೆ ಮಡಚಿ ವಾಪಸು ಕೊಟ್ಟರು. ಸಿಟ್ಟು ಬಂದಿತ್ತು, ಆದರೆ ದನಿ ಏರಲಿಲ್ಲ. "ನನ್ನನ್ನ ಬೈಯೋದು ತಪ್ಪಲ್ಲ. ಓದದೆ ಬೈಯೋದು ತಪ್ಪು. ಹೋಗಿ ಓದು. ಓದಿದ ಮೇಲೂ ಬೈಬೇಕು ಅನ್ನಿಸಿದ್ರೆ ಬಾ, ಕೂತು ಕೇಳ್ತೀನಿ."

"ನಿಮ್ಮ ಹತ್ರ ಒಂದು ಪ್ರತಿ ಇದ್ರೆ..."

"ನಂದನ್ನ ಗೆದ್ದಲು ತಿಂತು. ಮೈಸೂರಲ್ಲಿ ಇರಬೇಕು, ನೋಡು." ಅಷ್ಟು ಹೇಳಿ ಎದ್ದು ಮತ್ತೆ ಕಾಲುವೆಯ ಕಡೆ ಹೋದರು.

ಬಸ್ಸಿಗೆ ಕಾಯುತ್ತ ನಿಂತಾಗ ರಾಧಾಮಣಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇಷ್ಟು ಓದಿದ್ದೆಲ್ಲ ಯಾರೋ ಅಗಿದು ಕೊಟ್ಟದ್ದೇ? ಮನೆಗೆ ಬಂದವಳು ಸುಮ್ಮನೆ ಕೂರಲಿಲ್ಲ. ಜೆರಾಕ್ಸುಗಳನ್ನು ಮತ್ತೆ ತೆಗೆದು, ಒಬ್ಬೊಬ್ಬರೂ ತೋಂಟದಾರ್ಯರ ಮಾತನ್ನು ಎಲ್ಲಿಂದ ತಂದಿದ್ದಾರೆ ಎಂದು ಹುಡುಕಿದಳು. ಈಚಿನ ಲೇಖನ ಅದಕ್ಕಿಂತ ಹಳೆಯದರಿಂದ ತಂದಿತ್ತು. ಅದು ಇನ್ನೂ ಹಳೆಯದರಿಂದ. ಆ ಹಳೆಯದರಲ್ಲಿ ಇದ್ದದ್ದು ಇಷ್ಟೇ: ಶ್ರುತಿಗೆ ಸೇರದ ಮಕ್ಕಳನ್ನು ಬೇರೆ ಗುಂಪು ಮಾಡಿ ಕಲಿಸುವುದು ಒಳ್ಳೆಯದೆಂದು ತೋಂಟದಾರ್ಯರು ಸೂಚಿಸುತ್ತಾರೆ. ಅದನ್ನು ನೋಡಿ ಬರೆದವರು ಕಲಿಸುವುದು ಎನ್ನುವುದನ್ನು ಬಿಟ್ಟಿದ್ದರು. ಅವರನ್ನು ನೋಡಿ ಬರೆದವರು ಕಲಿಸಿ ಪ್ರಯೋಜನವಿಲ್ಲ ಎಂದು ತಾವೇ ಸೇರಿಸಿದ್ದರು. ರಾಧಾಮಣಿ ಆ ಸಾಲಿನಲ್ಲಿ ಕೊನೆಗೆ ನಿಂತು, ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಳು.

ಸಿ.ಎಲ್. ಹಾಕಿ ಮೈಸೂರಿಗೆ ಹೋದಳು. ಹಳೆಯ ಪ್ರಬಂಧ, ಕಂಪ್ಯೂಟರಿನಲ್ಲಿ ಸಿಗುವುದಲ್ಲ. ಗ್ರಂಥಾಲಯದವರು ಒಳಗಿನಿಂದ ಹುಡುಕಿ ತಂದುಕೊಟ್ಟರು. ಹೊರಗೆ ಒಯ್ಯುವಂತಿಲ್ಲ, ಅಲ್ಲೇ ಕೂತು ಓದಬೇಕು. ಟೈಪ್‌ರೈಟರಿನಲ್ಲಿ ಹೊಡೆದ ಅಕ್ಷರಗಳು ಕೆಲವು ಕಡೆ ಮಾಸಿದ್ದವು. ಮೊದಲ ಪುಟದಿಂದ ಶುರು ಮಾಡಿದಳು.

ಮೇಷ್ಟ್ರು ಒಂದು ಹಾಸ್ಟೆಲಿನ ಹುಡುಗರ ಜೊತೆ ಎರಡು ವರ್ಷ ಕೆಲಸ ಮಾಡಿದ್ದರು. ಶ್ರುತಿಗೆ ಸೇರುವುದೇ ಇಲ್ಲ ಎಂದು ಶಾಲೆಯವರು ಕೈಬಿಟ್ಟಿದ್ದ ಹುಡುಗರು ಅವರು. ಶಾಲೆಯ ಹಾರ್ಮೋನಿಯಂ ಯಾವಾಗಲೂ ಒಂದೇ ಶ್ರುತಿಯಲ್ಲಿರುತ್ತದೆ, ಅದು ಮೇಷ್ಟ್ರುಗಳ ಅನುಕೂಲಕ್ಕೆ, ಮಕ್ಕಳ ಅನುಕೂಲಕ್ಕಲ್ಲ ಎಂದು ತೋಂಟದಾರ್ಯರು ಬರೆದಿದ್ದರು. ಒಬ್ಬೊಬ್ಬ ಹುಡುಗನನ್ನೂ ಕೂರಿಸಿಕೊಂಡು, ಅವನು ಮಾತಾಡುವ ದನಿ ಎಲ್ಲಿದೆ ಎಂದು ಕೇಳಿ, ಶ್ರುತಿಯನ್ನು ಅಲ್ಲಿಗೆ ಇಳಿಸಿ ಹಾಡಿಸಿದ್ದರು. ಮುಕ್ಕಾಲು ಪಾಲು ಹುಡುಗರು ಸೇರಿದ್ದರು. "ಸೇರದಿರುವುದು ಮಗುವಿನ ಕೊರತೆಯಲ್ಲ, ನಾವು ಇಟ್ಟ ಶ್ರುತಿಯ ಕೊರತೆ," ಎಂದು ಒಂದು ಕಡೆ ಸ್ಪಷ್ಟವಾಗಿ ಇತ್ತು. ಮಾಹಿರಾಳ ಮನೆಯಲ್ಲಿ ಬಾಗಿಲ ಹತ್ತಿರ ಇಟ್ಟ ಈಚಿನವರು ಹೇಳುತ್ತಿದ್ದ ಮಾತೇ ಅದು. ಮೇಷ್ಟ್ರು ಅವರೆಲ್ಲರಿಗಿಂತ ಎಷ್ಟೋ ಮುಂಚೆ ಅದನ್ನು ಹೇಳಿ, ಯಾರೂ ಕೇಳಿಸಿಕೊಳ್ಳದೆ ಕೂತಿದ್ದರು.

ರಾಧಾಮಣಿಯ ಕಣ್ಣು ತುಂಬಿ ಬಂತು. ಪಕ್ಕದ ಮೇಜಿನವರು ನೋಡಿಯಾರೆಂದು ಸೆರಗಿನಲ್ಲಿ ಒರೆಸಿಕೊಂಡಳು. ಅವರ ಬಗ್ಗೆ ತಾನು ಬರೆದ ಆ ಎರಡು ಸಾಲನ್ನು ಅಲ್ಲೇ ಹೊಡೆದುಹಾಕಿದಳು.

ಆದರೆ ಪ್ರಬಂಧ ಅಲ್ಲಿಗೆ ಮುಗಿದಿರಲಿಲ್ಲ. ಕೊನೆಯ ಅಧ್ಯಾಯ ಓದುತ್ತ ಓದುತ್ತ ಅವಳ ಹುಬ್ಬು ಗಂಟಾಯಿತು. ಒಬ್ಬ ಮೇಷ್ಟ್ರು, ತುಂಬಿದ ತರಗತಿ. ಪ್ರತಿ ಮಗುವಿಗೂ ಶ್ರುತಿ ಬದಲಿಸುತ್ತ ಕೂರಲಾಗುವುದಿಲ್ಲ. ಆದ್ದರಿಂದ ಶ್ರುತಿ ತಗ್ಗಿಸಬೇಕಾದ ಮಕ್ಕಳನ್ನು ಬೇರೆ ಗುಂಪು ಮಾಡಿ, ಬೇರೆ ಹೊತ್ತಿನಲ್ಲಿ ಕಲಿಸಿ ಎಂಬುದು ಅವರ ಸಲಹೆ. ಬೇರೆ ಮಾಡಿದ ಮಕ್ಕಳು ಆಮೇಲೆ ಏನಾದರು, ಕಲಿತರೋ ಬಿಟ್ಟರೋ ಎಂದು ಪ್ರಬಂಧದಲ್ಲಿ ಒಂದು ಮಾತೂ ಇರಲಿಲ್ಲ. ಜಗಲಿಯ ಮಕ್ಕಳು ಅವಳಿಗೆ ಒಬ್ಬೊಬ್ಬರಾಗಿ ನೆನಪಾದರು. ಹುಡುಗಿಯರು ಈ ಅಧ್ಯಯನದಲ್ಲಿ ಇಲ್ಲವೇ ಇಲ್ಲ ಎನ್ನುವುದೂ ಕಣ್ಣಿಗೆ ಬಿತ್ತು. ಹಾಗಾದರೆ ಮೇಷ್ಟ್ರು ಸರಿಯೂ ಹೌದು, ಸಾಲದ್ದೂ ಹೌದು. ಎರಡನ್ನೂ ಬರೆಯಬೇಕು. ಎರಡಕ್ಕೂ ಪುಟ ಹಾಕಬೇಕು.

ಅಂದಿನಿಂದ ಅವಳ ಓದುವ ರೀತಿಯೇ ಬದಲಾಯಿತು. ಯಾರೋ ಹೇಳಿದ್ದಾರೆ ಎಂದು ಯಾರೋ ಹೇಳಿದ್ದನ್ನು ನಂಬುವುದು ಬಿಟ್ಟಳು. ಸಿಕ್ಕಷ್ಟನ್ನು ಮೂಲದಲ್ಲೇ ಓದಿದಳು, ಸಿಗದ್ದನ್ನು ಸಿಗಲಿಲ್ಲ ಎಂದು ಬರೆದಳು. ಮೊದಲಿನ ದಪ್ಪ ಕಟ್ಟಿನಲ್ಲಿ ಅರ್ಧದಷ್ಟು ಜನ ಹೊರಗೆ ಹೋದರು, ಅವರಿಗೂ ಅವಳ ಪ್ರಶ್ನೆಗೂ ಸಂಬಂಧವಿರಲಿಲ್ಲ. ಉಳಿದವರು ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಡುವ ಹಾಗೆ ಅಧ್ಯಾಯ ಕಟ್ಟಿಕೊಂಡಿತು. ಇಂಥವರು ಹೇಳಿದರು ಎಂದು ಶುರುವಾಗುತ್ತಿದ್ದ ಪ್ಯಾರಾಗಳು ಈಗ ಒಂದು ಸಂಶಯದಿಂದಲೋ ಒಂದು ವಾದದಿಂದಲೋ ಶುರುವಾಗತೊಡಗಿದವು. ಶಾಲೆ, ಮನೆ, ಹಸು, ನೆಂಟರಿಷ್ಟರು, ಇವುಗಳ ಮಧ್ಯೆ ಮಳೆಗಾಲ ಕಳೆದು ಚಳಿ ಬಂತು. ಕೆಲವು ದಿನ ಒಂದು ಪ್ಯಾರಾ, ಕೆಲವು ದಿನ ಅದೂ ಇಲ್ಲ. ಪರಮೇಶ್ ತೋಟದಿಂದ ಬಂದವನು ಬಾಗಿಲಲ್ಲೇ ನಿಂತು, "ಇವತ್ತು ಯಾರ್ಯಾರಿಗೆ ಜಗಳ ಹಚ್ಚಿದೆ?" ಎಂದು ಕೇಳುವುದು ರೂಢಿಯಾಯಿತು. ಅವಳು ಹೇಳಿದರೆ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಅರ್ಥವಾಗುವ ಹಾಗೆ ಹೇಳಲಾಗದ ಪ್ಯಾರಾವನ್ನು ಅವಳು ಮತ್ತೊಮ್ಮೆ ಬರೆಯುತ್ತಿದ್ದಳು.

ಸುನಂದಾ ಮೇಡಂ ಈ ಸಲ ಅಧ್ಯಾಯವನ್ನು ತಮ್ಮ ಹತ್ತಿರವೇ ಇಟ್ಟುಕೊಂಡರು. ಮುಂದಿನ ವಾರ ರಾಧಾಮಣಿ ಸ್ಟಾಫ್ ರೂಮಿನಲ್ಲಿದ್ದಾಗ ಅವರ ಫೋನ್ ಬಂತು.

"ರಾಧಾಮಣಿ, ಇದನ್ನ ಬರೆದದ್ದು ನೀವೇ ತಾನೆ?"

"ಯಾಕೆ ಮೇಡಂ?"

"ಓದ್ತಾ ಓದ್ತಾ ಕೂತುಬಿಟ್ಟೆ, ಅದಕ್ಕೆ ಕೇಳಿದೆ. ತೋಂಟದಾರ್ಯರ ಮಾತು ಹೇಗೆ ಒಬ್ಬರಿಂದ ಒಬ್ಬರಿಗೆ ಹೋಗ್ತಾ ತಿರುಚಿಕೊಳ್ತು ಅಂತ ಬರೆದಿದ್ದೀರಲ್ಲ, ನಾನೂ ನನ್ನ ಒಂದು ಲೇಖನದಲ್ಲಿ ಅದನ್ನೇ ಹಾಗೇ ಎತ್ತಿ ಬರೆದಿದ್ದೀನಿ. ಅದನ್ನೂ ಆ ಸಾಲಿಗೆ ಸೇರಿಸಿ. ಸಂಕೋಚ ಬೇಡ. ಎರಡು ಮೂರು ಕಡೆ ವಾಕ್ಯ ಉದ್ದ ಆಗಿದೆ, ಗುರುತು ಹಾಕಿದ್ದೀನಿ. ಇನ್ನು ಮೂರನೇ ಅಧ್ಯಾಯಕ್ಕೆ ಹೋಗಬಹುದು."

ಫೋನ್ ಇಟ್ಟ ಮೇಲೆ ರಾಧಾಮಣಿಗೆ ಯಾರಿಗೆ ಹೇಳಲಿ ಎನ್ನುವಷ್ಟು ಸಂತೋಷವಾಯಿತು. ಗಂಡನಿಗೆ ಹೇಳಿದಳು, ಮಾಹಿರಾಗೆ ಹೇಳಿದಳು. ಮಾಹಿರಾ ಆ ಕಡೆಯಿಂದ ಕಿವಿ ಕಿತ್ತುಹೋಗುವ ಹಾಗೆ ಕೂಗಿದಳು. ಆದರೂ ಒಂದು ಬಾಕಿ ಇತ್ತು. ಅಧ್ಯಾಯದ ಪ್ರತಿ ಹಿಡಿದುಕೊಂಡು ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಶೆಟ್ಟಿಕೆರೆಗೆ ಹೊರಟಳು.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದರು. ತಮ್ಮ ಹೆಸರು ಬಂದ ಪುಟ ಮಾತ್ರ ನೋಡಿ ಬಿಡುತ್ತಾರೆ ಎಂದುಕೊಂಡಿದ್ದಳು, ಹಾಗೆ ಮಾಡಲಿಲ್ಲ. ಲಕ್ಷ್ಮಿದೇವಮ್ಮ ಕಾಫಿ ತಂದಿಟ್ಟರು, ಅದು ಆರಿತು. ತಮ್ಮ ಹುಡುಗರ ಬಗ್ಗೆ, ಶ್ರುತಿ ಇಳಿಸಿದ್ದರ ಬಗ್ಗೆ ಅವಳು ಬರೆದ ಭಾಗಕ್ಕೆ ಬಂದಾಗ ಅವರು ಓದುವುದು ನಿಲ್ಲಿಸಿ ಹೊರಗೆ ತೋಟದ ಕಡೆ ನೋಡಿದರು.

"ಈ ಭಾಗ ಯಾರೂ ಓದಿಲ್ಲ ಅಂದ್ಕೊಂಡಿದ್ದೆ," ಎಂದರು.

ಆಮೇಲೆ ಮುಂದಿನ ಪುಟಕ್ಕೆ ಹೋದರು. ಅಲ್ಲಿ ಜಗಲಿಯ ಮಾತಿತ್ತು. ಬೇರೆ ಕೂರಿಸಿದ ಮಕ್ಕಳು ಮುಂದೆ ಏನಾದರೆಂಬುದನ್ನು ಈ ಅಧ್ಯಯನ ಹಿಂಬಾಲಿಸಿಲ್ಲ, ಬೇರೆ ಕೂರಿಸುವುದೇ ಅವರನ್ನು ಸಂಗೀತದಿಂದ ದೂರ ಮಾಡಿರಬಹುದು ಎಂದು ಬರೆದಿದ್ದಳು. ಮೇಷ್ಟ್ರ ಮುಖ ಬಿಗಿಯಿತು.

"ಇದನ್ನ ನಾನು ಒಪ್ಪಲ್ಲ."

ರಾಧಾಮಣಿ ಚಾಪೆಯ ಮೇಲೆ ನೆಟ್ಟಗೆ ಕೂತಳು. "ಯಾಕೆ ಮೇಷ್ಟ್ರೆ?"

"ಯಾಕೆ ಅಂದ್ರೆ, ನಾನು ಅವರನ್ನ ಹೊರಗೆ ಹಾಕಲಿಲ್ಲ. ಅವರಿಗೆ ಅಂತ ಬೇರೆ ಹೊತ್ತು ಕೊಟ್ಟೆ. ಒಳಗಡೆ ಎಲ್ಲರ ಮಧ್ಯೆ ಕೂತು ತಪ್ಪು ಹಾಡಿ ನಗಿಸ್ಕೊಳ್ಳೋದು ಒಳ್ಳೇದಾ?"

"ಮಧ್ಯೆ ಕೂರ್ಸಿ ಶ್ರುತಿ ಇಳಿಸಿದ್ದಿದ್ರೆ ಯಾರೂ ನಗ್ತಿರ್ಲಿಲ್ಲ."

"ಇಳಿಸಿದ್ರೆ ನಿನ್ನಂಥೋರ ಗತಿ? ನಿಮ್ಮ ಕಂಠ ಕೆಳಗೆ ಹೋಗ್ತಿತ್ತಾ?"

"ನಾವು ಸ್ವಲ್ಪ ದಿನ ಕೆಳಗೆ ಹಾಡ್ತಿದ್ವಿ. ಏನಾಗೋದು?"

"ಏನಾಗೋದು ಅಂತೀಯಲ್ಲ!" ಮೇಷ್ಟ್ರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. "ನಲವತ್ತು ಮಕ್ಕಳು, ಒಂದು ಹಾರ್ಮೋನಿಯಂ, ಒಬ್ಬ ಮೇಷ್ಟ್ರು, ಮುಕ್ಕಾಲು ಗಂಟೆ. ನಲವತ್ತು ದನಿ ನಲವತ್ತು ಕಡೆ. ಹ್ಯಾಗೆ ಕಲಿಸ್ತೀಯ, ಹೇಳು ನೋಡಾಣ."

ಇಷ್ಟು ವರ್ಷದಲ್ಲಿ ಅವಳು ಅವರ ಮುಂದೆ ಹೂಂ ಎನ್ನುವುದು ಬಿಟ್ಟರೆ ಇನ್ನೊಂದು ಮಾತಾಡಿದ್ದು ಕಡಿಮೆ. ಈಗ ತಾನು ಇಷ್ಟು ಮಾತಾಡುತ್ತಿರುವುದು ಅವಳಿಗೇ ಆಶ್ಚರ್ಯ. ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಉತ್ತರ ಗೊತ್ತಿದ್ದವಳ ಹಾಗೆ ನಟಿಸಬೇಕು ಎಂದೂ ಅನಿಸಲಿಲ್ಲ.

"ಗೊತ್ತಿಲ್ಲ ಮೇಷ್ಟ್ರೆ. ಯಾರೂ ಅದನ್ನ ಮಾಡಿ ನೋಡಿಲ್ಲ. ನಾನು ಓದಿದ್ದರಲ್ಲೆಲ್ಲೂ ಇಲ್ಲ. ಕೊನೇ ಪುಟ ನೋಡಿ, ಅದನ್ನೇ ಬರ್ದಿದ್ದೀನಿ. ಜೂನ್‌ನಿಂದ ನಮ್ಮ ಸ್ಕೂಲಲ್ಲೇ ಶುರು ಮಾಡ್ತೀನಿ. ಯಾರನ್ನೂ ಹೊರಗೆ ಕೂರ್ಸಲ್ಲ. ಎರಡು ವರ್ಷ ನೋಡ್ತೀನಿ."

ಮೇಷ್ಟ್ರು ಕೊನೆಯ ಪುಟ ತಿರುವಿದರು. ನಿಧಾನವಾಗಿ ಓದಿದರು. ಕನ್ನಡಕದ ಮೇಲಿಂದ ಅವಳನ್ನು ನೋಡಿದರು.

"ಆಗದೇ ಹೋದ್ರೆ?"

"ಆಗಲಿಲ್ಲ ಅಂತ ಬರೀತೀನಿ. ನೀವು ಹೇಳಿದ್ದೇ ಸರಿ ಅಂತಾನೂ ಬರೀತೀನಿ."

"ಆದ್ರೆ?"

"ಆದ್ರೂ ಬಂದು ಹೇಳ್ತೀನಿ."

ಮೇಷ್ಟ್ರು ನಕ್ಕರು. ನಗು ಅವರಿಗೆ ಅಷ್ಟು ಸುಲಭವಾಗಿ ಬರುವಂಥದ್ದಲ್ಲ. "ಮೊದಲ ತಿಂಗಳು ಸರಳೆ ಹಾಡಿಸ್ಬೇಡ. ಮಾತಾಡಿಸು. ಮಕ್ಕಳು ಯಾವ ದನೀಲಿ ಕೂಗಿ ಕರೀತಾರೆ ಕೇಳು. ಶ್ರುತಿ ಅಲ್ಲಿಂದ ಹಿಡಿ. ನಾನು ಅಲ್ಲಿಂದ ಹಿಡಿದಿದ್ದೆ."

"ಯಾಕೆ ಅಲ್ಲಿಂದಾನೇ ಮೇಷ್ಟ್ರೆ? ಮಾತಾಡೋ ದನಿ ಬೇರೆ, ಕೂಗೋ ದನಿ ಬೇರೆ ಅಲ್ವಾ? ನಿಮ್ಮ ಪ್ರಬಂಧದಲ್ಲಿ ಮಾತಾಡೋ ದನಿ ಅಂತಿದೆ."

"ಎಷ್ಟನೇ ಪುಟ?"

ರಾಧಾಮಣಿ ಪುಟದ ಸಂಖ್ಯೆ ಹೇಳಿದಳು. ಮೇಷ್ಟ್ರು ಒಂದು ಕ್ಷಣ ಯೋಚಿಸಿ, "ಹೌದು, ಅಲ್ಲಿ ಹಂಗೇ ಬರ್ದಿದ್ದೀನಿ. ಆದ್ರೆ ಅದು ಪೂರ್ತಿ ಸರಿ ಇಲ್ಲ, ಕೇಳು," ಎಂದು ಮತ್ತೆ ಶುರು ಮಾಡಿದರು.

ಹೊತ್ತು ಇಳಿಯುತ್ತಿತ್ತು. ತಿಪಟೂರಿನ ಕಡೆ ಹೋಗುವ ಬಸ್ಸು ದೂರದಲ್ಲಿ ಹಾರ್ನ್ ಹೊಡೆದದ್ದು ಕೇಳಿಸಿತು. ಲಕ್ಷ್ಮಿದೇವಮ್ಮ ಬಾಗಿಲಿಗೆ ಬಂದು, "ರೀ, ಬಸ್ಸು ಬಂತು ಕಣ್ರೀ, ಹುಡುಗೀನ ಬಿಡಿ," ಎಂದರು. ಮೇಷ್ಟ್ರು ಕೈ ಆಡಿಸುತ್ತ ಮಾತಾಡುತ್ತಲೇ ಇದ್ದರು. ರಾಧಾಮಣಿ ಚೀಲದಿಂದ ಪೆನ್ನು ತೆಗೆದಿದ್ದಳು, ಏಳಲಿಲ್ಲ. ಇಬ್ಬರನ್ನೂ ನೋಡಿ ಆ ತಾಯಿ, "ಸರಿ ಬುಡು, ಗಂಡಂಗೆ ಒಂದು ಫೋನ್ ಮಾಡೇ ರಾಧಾ, ಗಾಡಿ ತಗೊಂಡು ಬರ್ಲಿ. ಅವರಿಗೂ ಸೇರಿಸಿ ರೊಟ್ಟಿ ತಟ್ತೀನಿ," ಎಂದು ಒಳಗೆ ಹೋದರು.